ಜಾವಾದಿಂದ ಬಾಲಿಗೆ, ಬಾಲಿಯಿಂದ ಲೊಂಬೊಕ್‌ಗೆ: ದಾರಿ ಸರಿ, ಟಿಕೆಟ್ ಬೇಡ

ಪ್ರಶ್ನೆ: ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗ ಮತ್ತು ಅರವತ್ತೆಂಟು ವರ್ಷದ ನನ್ನ ತಾಯಿ, ಹೀಗೆ ನಾಲ್ವರು ದಸರಾ ರಜೆಯಲ್ಲಿ ಬೆಂಗಳೂರಿನಿಂದ ಇಂಡೊನೇಷ್ಯಾಕ್ಕೆ ಹೊರಟಿದ್ದೇವೆ. ಯೋಗ್ಯಕರ್ತಾದಲ್ಲಿ ಇಳಿದು ಬೊರೊಬುದುರ್ ಮತ್ತು ಪ್ರಂಬನನ್ ಎಂಬ ಹಳೆಯ ದೇಗುಲಗಳನ್ನು ನೋಡಿ, ಬ್ರೊಮೊ ಜ್ವಾಲಾಮುಖಿಗೆ ಹೋಗಿ, ಅಲ್ಲಿಂದ ಬಾಲಿಗೂ ಬಾಲಿಯಿಂದ ಲೊಂಬೊಕ್‌ಗೂ ಭೂಮಾರ್ಗ ಮತ್ತು ಫೆರ್ರಿಯಲ್ಲಿ ದಾಟಬೇಕೆಂಬುದು ನಮ್ಮ ಆಸೆ. ದ್ವೀಪದಿಂದ ದ್ವೀಪಕ್ಕೆ ದಾಟುವುದೆಂದರೇನೆಂದು ಮಗ ನೋಡಲಿ ಎಂಬ ಆಸೆಯೂ ಇದೆ. ಏಜೆಂಟರೊಬ್ಬರು ಜಾವಾದಿಂದ ಬಾಲಿಗೆ ವ್ಯಾನು ಮತ್ತು ಫೆರ್ರಿ ಸೇರಿಸಿ ಒಂದೇ ಟಿಕೆಟ್ ಕೊಡುತ್ತೇವೆ, ರಾತ್ರಿ ಪ್ರಯಾಣ, ಹಡಗಿನಲ್ಲೂ ವ್ಯಾನಿನಿಂದ ಇಳಿಯಬೇಕಾಗಿಲ್ಲ, ತಾಯಿಯವರು ಮಲಗಿಕೊಂಡೇ ಸಮುದ್ರ ದಾಟಬಹುದು ಎನ್ನುತ್ತಿದ್ದಾರೆ. ಆದರೆ 2025ರಲ್ಲಿ ಅದೇ ಜಲಸಂಧಿಯಲ್ಲಿ ಫೆರ್ರಿ ಮುಳುಗಿದ ಸುದ್ದಿ ಓದಿದ ನನ್ನ ಭಾವಮೈದುನ, ಇದು ಹುಚ್ಚು ಸಾಹಸ, ವಿಮಾನದಲ್ಲೇ ಹೋಗಿ ಎಂದು ಹಟ ಹಿಡಿದಿದ್ದಾನೆ. ಲೊಂಬೊಕ್‌ಗಾದರೂ ಹೊಸ ಸ್ಪೀಡ್ ಬೋಟ್ ಸುರಕ್ಷಿತವಂತೆ, ನಿಜವೇ? ತಾಯಿಗೆ ರಕ್ತದೊತ್ತಡವಿದೆ, ಘಾಟಿ ರಸ್ತೆಯಲ್ಲಿ ವಾಂತಿಯಾಗುತ್ತದೆ, ಅವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವೆಲ್ಲದರ ಕೆಳಗಿರುವ ಅಳುಕು ಒಂದೇ. ಮಗನಿಗೆ ಸಮುದ್ರ ತೋರಿಸುವ ಆಸೆಗೆ ತಾಯಿಯನ್ನು ಅಪಾಯಕ್ಕೆ ಒಡ್ಡುತ್ತಿದ್ದೇನೆಯೇ ಎಂಬುದು ನಿಮ್ಮನ್ನು ಕಾಡುತ್ತಿದೆ. ನಾನು ಹಲವು ವರ್ಷ ಸರಕು ಹಡಗುಗಳಲ್ಲಿ ಡೆಕ್ ಅಧಿಕಾರಿಯಾಗಿದ್ದು, ಆಮೇಲೆ ವಾಹನ ಸಾಗಿಸುವ ಫೆರ್ರಿಗಳ ತಪಾಸಣೆಯ ಕೆಲಸದಲ್ಲಿ ಜಾವಾದ ಸುರಬಾಯಾದ ಕಡೆ ಓಡಾಡಿದವನು. ನೀವು ಹೇಳುತ್ತಿರುವ ಎರಡು ಜಲಸಂಧಿಗಳನ್ನೂ ಕೆಲಸಕ್ಕಾಗಿ ಮತ್ತು ಸ್ವಂತಕ್ಕಾಗಿ ಎಷ್ಟು ಸಲ ದಾಟಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಆ ಅನುಭವದಿಂದ ಹೇಳುವುದಾದರೆ ನೀವು ಆರಿಸಿಕೊಂಡಿರುವ ದಾರಿಯಲ್ಲಿ ತಪ್ಪಿಲ್ಲ, ನಿಮಗೆ ಮಾರಲು ಹೊರಟಿರುವ ಟಿಕೆಟ್ಟಿನಲ್ಲಿ ತಪ್ಪಿದೆ. ‘ವ್ಯಾನಿನಿಂದ ಇಳಿಯಬೇಕಾಗಿಲ್ಲ’ ಎಂಬುದನ್ನು ಏಜೆಂಟರು ಅನುಕೂಲವೆಂದು ಹೇಳುತ್ತಿದ್ದಾರೆ. ನಾನಾದರೆ ಆ ಒಂದೇ ಮಾತಿಗಾಗಿ ಆ ಟಿಕೆಟ್ಟನ್ನು ಬಿಟ್ಟುಬಿಡುತ್ತೇನೆ.

ಏಕೆಂದು ಹೇಳುವ ಮೊದಲು ಈ ಹಡಗು ಎಂಥದ್ದೆಂದು ತಿಳಿಯಬೇಕು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಸಿಗಂದೂರಿಗೆ ಹೋಗುವಾಗ ಅಂಬಾರಗೋಡ್ಲಿನಲ್ಲಿ ಬಸ್ಸು ಕಾರುಗಳನ್ನೇ ಹೊತ್ತು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚನ್ನು ನೆನಪಿಸಿಕೊಳ್ಳಿ. ಒಂದು ತುದಿಯ ಇಳಿಜಾರಿನಿಂದ ವಾಹನ ಒಳಗೆ ಬರುತ್ತದೆ, ಇನ್ನೊಂದು ದಡದಲ್ಲಿ ಉರುಳಿಕೊಂಡು ಇಳಿಯುತ್ತದೆ. ಇಂಡೊನೇಷ್ಯಾದ ಫೆರ್ರಿಯೂ ಅದೇ ತತ್ವದ್ದು, ಗಾತ್ರ ಮಾತ್ರ ದೊಡ್ಡದು. ಕೆಳಗೆ ಲಾರಿ, ಬಸ್ಸು, ಕಾರು, ಬೈಕುಗಳು ಒತ್ತೊತ್ತಾಗಿ ನಿಲ್ಲುವ ಉದ್ದನೆಯ ವಾಹನದ ಅಂಕಣವಿರುತ್ತದೆ, ಅದರ ಮೇಲೆ ಜನ ಕೂರುವ ಮಹಡಿ. ಸಿಗಂದೂರಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದರ ಉದ್ದ ಸುಮಾರು ಎರಡೂವರೆ ಕಿಲೋಮೀಟರು. ಜಾವಾ ಮತ್ತು ಬಾಲಿಯ ನಡುವಿನ ಜಲಸಂಧಿ ಅತಿ ಕಿರಿದಾದ ಕಡೆ ಹೆಚ್ಚು ಕಡಿಮೆ ಅಷ್ಟೇ ಅಗಲವಿದ್ದರೂ ಅಲ್ಲಿ ಇಂದಿಗೂ ಸೇತುವೆಯಿಲ್ಲ. ನೀರಿನ ಸೆಳೆತ ಮತ್ತು ಭೂಕಂಪದ ಭಯ ಒಂದು ಕಾರಣವಾದರೆ, ಬಾಲಿಯ ಧಾರ್ಮಿಕ ಮುಖಂಡರ ವಿರೋಧ ಇನ್ನೊಂದು. ದಾರಿತಪ್ಪಿದ ಮಗ ಹಿಂತಿರುಗಿ ಬರದಿರಲೆಂದು ಸಿದ್ಧಿಮಂತ್ರ ಎಂಬ ಋಷಿ ತನ್ನ ದಂಡದಿಂದ ನೆಲದ ಮೇಲೆ ಗೆರೆ ಎಳೆದನೆಂದೂ, ಆ ಗೆರೆಯಲ್ಲಿ ಸಮುದ್ರ ನುಗ್ಗಿ ಬಾಲಿ ಬೇರೆಯಾಯಿತೆಂದೂ ಅಲ್ಲಿ ಕಥೆಯಿದೆ. ದೇವರು ಬೇರೆ ಮಾಡಿದ್ದನ್ನು ಕಾಂಕ್ರೀಟಿನಿಂದ ಜೋಡಿಸಬಾರದೆಂಬ ಭಾವನೆ ಅವರಲ್ಲಿ ಗಾಢವಾಗಿದೆ. ಹಾಗಾಗಿ ಹಗಲು ರಾತ್ರಿ ಫೆರ್ರಿಗಳೇ ಓಡಾಡುತ್ತವೆ.

ಇನ್ನು ನಿಮ್ಮ ಭಾವಮೈದುನ ಓದಿದ ಸುದ್ದಿಗೆ ಬರೋಣ. ಅದು ಸುಳ್ಳಲ್ಲ. 2025ರ ಜುಲೈ 2ರ ರಾತ್ರಿ ಹನ್ನೊಂದರ ಹೊತ್ತಿಗೆ ಜಾವಾದ ಕೆತಾಪಾಂಗ್ ಬಂದರನ್ನು ಬಿಟ್ಟ ‘ತುನು ಪ್ರತಾಮ ಜಯ’ ಎಂಬ ಫೆರ್ರಿ, ಬಾಲಿಯ ಗಿಲಿಮಾನುಕ್ ಮುಟ್ಟುವ ಮೊದಲೇ, ಹೊರಟ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಳುಗಿತು. ಪ್ರಯಾಣಿಕರ ಪಟ್ಟಿಯಲ್ಲಿ ಸಿಬ್ಬಂದಿಯೂ ಸೇರಿ 65 ಜನರಿದ್ದರು, ಅಂಕಣದಲ್ಲಿ 22 ವಾಹನಗಳಿದ್ದವು. ಬದುಕಿ ಬಂದವರು 30 ಜನ. ಅದೇ ಜಲಸಂಧಿಯಲ್ಲಿ 2016ರ ಮಾರ್ಚ್‌ನಲ್ಲಿ ಮತ್ತು 2021ರ ಜೂನ್‌ನಲ್ಲಿ ಕೂಡ ಒಂದೊಂದು ಫೆರ್ರಿ ಮುಳುಗಿದೆ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ನನಗೆ ಇಷ್ಟವಿಲ್ಲ. ಆದರೆ ‘ಅಲ್ಲಿ ಸಮುದ್ರ ಭಯಂಕರವಾಗಿದೆ, ಅದಕ್ಕೇ ಹಡಗು ಮುಳುಗುತ್ತದೆ’ ಎಂಬ ತೀರ್ಮಾನ ಮಾತ್ರ ಸರಿಯಲ್ಲ. ಒರಟು ಸಮುದ್ರದಲ್ಲಿ ಸಾವಿರಾರು ಸಲ ಸುರಕ್ಷಿತವಾಗಿ ದಾಟಿದ ಹಡಗೇ ಒಂದು ದಿನ ಮುಳುಗುವುದಕ್ಕೆ ಅಲೆಯೊಂದೇ ಕಾರಣವಾಗಿರುವುದು ಅಪರೂಪ.

ಕಾರಣ ಹಡಗಿನ ಆಕಾರದಲ್ಲಿಯೇ ಇದೆ. ಅಡುಗೆಮನೆಯ ಅಗಲವಾದ ಹರಿವಾಣದಲ್ಲಿ ಎರಡು ಬೆರಳು ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದು ನೋಡಿ. ಹರಿವಾಣ ಒಂದಿಷ್ಟು ವಾಲಿದರೆ ಸಾಕು, ಅಷ್ಟೂ ನೀರು ಆ ಕಡೆಗೇ ಓಡುತ್ತದೆ. ನೀರು ಓಡಿದ್ದರಿಂದ ಹರಿವಾಣ ಇನ್ನಷ್ಟು ವಾಲುತ್ತದೆ, ಮತ್ತೆ ನೆಟ್ಟಗೆ ಮಾಡುವಷ್ಟರಲ್ಲಿ ನಿಮ್ಮ ಪಾದ ಒದ್ದೆಯಾಗಿರುತ್ತದೆ. ಅದೇ ನೀರನ್ನು ಚೊಂಬಿನಲ್ಲಿ ಒಯ್ದರೆ ಈ ತೊಂದರೆಯಿಲ್ಲ. ಸಾಮಾನ್ಯ ಸರಕು ಹಡಗಿನ ಒಡಲು ಗೋಡೆಗಳಿಂದ ಭಾಗವಾಗಿರುವುದರಿಂದ ಅದು ಚೊಂಬುಗಳ ಸಾಲಿನಂತೆ. ಫೆರ್ರಿಯ ವಾಹನದ ಅಂಕಣದಲ್ಲಿ ಲಾರಿಗಳು ಓಡಾಡಬೇಕಾದ್ದರಿಂದ ನಡುವೆ ಗೋಡೆ ಕಟ್ಟಲಾಗುವುದಿಲ್ಲ, ಅದು ಹರಿವಾಣ. ಬಾಗಿಲು ಸರಿಯಾಗಿ ಮುಚ್ಚದೆಯೋ, ಕೆಳಗಿನ ಎಂಜಿನ್ ಕೋಣೆಯ ಬಾಗಿಲು ತೆರೆದಿದ್ದೋ ಒಳಗೆ ನೀರು ಬಂದರೆ, ಮೊಳಕಾಲೆತ್ತರಕ್ಕೆ ಬರುವ ಮುಂಚೆಯೇ ಹಡಗು ಮಗ್ಗುಲಾಗಬಹುದು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ ಬಂದರಿನ ಹೊರಗೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರ್ರಿ ಮುಂಬಾಗಿಲು ಮುಚ್ಚದೆ ಹೊರಟು ನಿಮಿಷಗಳಲ್ಲಿ ಮಗುಚಿ 193 ಜನ ಸತ್ತರು. 1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ‘ಎಸ್ಟೋನಿಯಾ’ ಮುಳುಗಿ 852 ಜನ ಹೋದರು. ಬಡ ದೇಶದ ಹಳೇ ಹಡಗುಗಳ ಕಥೆಯಷ್ಟೇ ಇದಲ್ಲ ಎಂಬುದಕ್ಕಾಗಿ ಇವೆರಡನ್ನು ಹೇಳಿದೆ. ಇಂಡೊನೇಷ್ಯಾದಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಅಳತೆ ಮೀರಿ ತುಂಬಿದ ಲಾರಿಗಳನ್ನು ಸರಪಳಿ ಬಿಗಿಯದೆ, ಗಾಲಿಗೆ ಮರದ ಅಡ್ಡೆ ಕೊಟ್ಟು ಸುಮ್ಮನಾಗುವ ರೂಢಿ ನಾನು ನೋಡಿದ ಹಡಗುಗಳಲ್ಲಿ ಕಡಿಮೆಯೇನೂ ಇರಲಿಲ್ಲ. ಹಡಗು ವಾಲಿದಾಗ ಆ ಲಾರಿಗಳೂ ನೀರಿನಂತೆಯೇ ಒಂದು ಕಡೆಗೆ ಸರಿಯುತ್ತವೆ.

ಈಗ ಆ ಅಂಕಣದೊಳಗೆ ನಿಮ್ಮ ವ್ಯಾನನ್ನು ಇಟ್ಟು ನೋಡಿ. ಎಡಕ್ಕೆ ಮೂಟೆ ಹೇರಿದ ಲಾರಿ, ಬಲಕ್ಕೆ ಬಸ್ಸು, ಎರಡೂ ಕಡೆ ಒಂದು ಗೇಣು ಜಾಗ. ವ್ಯಾನಿನ ಜಾರುಬಾಗಿಲನ್ನು ಸರಿಸಿದರೂ ತೆಳ್ಳನೆಯ ಹುಡುಗನೊಬ್ಬ ಅಡ್ಡಡ್ಡವಾಗಿ ಇಳಿಯಬಹುದು, ಮೊಣಕಾಲು ನೋವಿನ ಹಿರಿಯರಿಗೆ ಸಾಧ್ಯವಿಲ್ಲ. ದೀಪ ಹೋದರೆ ಕತ್ತಲು, ನೆಲದ ಮೇಲೆ ಡೀಸೆಲ್ಲಿನ ಜಿಡ್ಡು, ಮೇಲೆ ಹತ್ತುವ ಮೆಟ್ಟಿಲು ಕಿರಿದು ಮತ್ತು ಕಡಿದು. ತೊಂದರೆಯೇನೂ ಆಗದಿದ್ದ ದಿನವೂ ಅಲ್ಲಿ ಕೂತವರು ಎಂಜಿನ್ನಿನ ಹೊಗೆ ಕುಡಿಯುತ್ತಾರೆ. ರಾತ್ರಿ ಹಡಗು ಮುಳುಗಿದಾಗ ವಾಹನಗಳಲ್ಲಿ ನಿದ್ದೆಹೋದವರಿಗೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಹೊರಟ ಮೇಲೆ ಯಾರೂ ವಾಹನದಲ್ಲಿರಬಾರದು ಎಂಬ ನಿಯಮ ಅಲ್ಲಿಯೂ ಇದೆ, ಧ್ವನಿವರ್ಧಕದಲ್ಲಿ ಹೇಳುವುದೂ ಉಂಟು. ರಾತ್ರಿಪಾಳಿಯಲ್ಲಿ ಸುಸ್ತಾದ ಚಾಲಕರು ಮಾತ್ರ ಅಲ್ಲೇ ಸೀಟು ಒರಗಿಸಿ ಮಲಗುತ್ತಾರೆ, ಪ್ರಯಾಣಿಕರು ಅವರನ್ನು ನೋಡಿ ಮಲಗುತ್ತಾರೆ.

ಈ ಒಟ್ಟು ಟಿಕೆಟ್ಟಿನ ಎರಡನೆಯ ದೋಷ ಕಣ್ಣಿಗೆ ಕಾಣುವಂಥದ್ದಲ್ಲ. ವ್ಯಾನಿನ ಮಾಲೀಕ ಹಡಗಿನವರಿಗೆ ವಾಹನದ ಲೆಕ್ಕದಲ್ಲಿ ಹಣ ಕಟ್ಟುತ್ತಾನೆ. ಒಳಗೆ ಕೂತವರ ಹೆಸರುಗಳನ್ನು ಬರೆಸಬೇಕಾದದ್ದು ನಿಯಮ, ಆದರೆ ಎಷ್ಟೋ ಸಲ ಚಾಲಕನ ಹೆಸರು ಮಾತ್ರ ಇರುತ್ತದೆ, ಇಲ್ಲವೇ ಅಂದಾಜಿನಲ್ಲಿ ಯಾರದೋ ಹೆಸರು. ಫೆರ್ರಿ ಟಿಕೆಟ್ಟಿನ ಜೊತೆಗೆ ಸರ್ಕಾರಿ ಸ್ವಾಮ್ಯದ ‘ಜಸಾ ರಹರ್ಜಾ’ ವಿಮೆಯ ರಕ್ಷಣೆ ಬರುತ್ತದೆ. ಮರಣಕ್ಕೆ ಐದು ಕೋಟಿ ಇಂಡೊನೇಷ್ಯಾ ರುಪಿಯಾ, ಅಂದರೆ ನಮ್ಮ ಎರಡೂವರೆ ಲಕ್ಷಕ್ಕೆ ತುಸು ಹೆಚ್ಚು. ಆ ಮೊತ್ತ ದೊಡ್ಡದಲ್ಲ. ದೊಡ್ಡದು ಪಟ್ಟಿಯಲ್ಲಿ ಹೆಸರಿರುವುದು: ಎಷ್ಟು ಜನರನ್ನು ಹುಡುಕಬೇಕೆಂಬುದು ರಕ್ಷಣಾ ತಂಡಕ್ಕೆ ಗೊತ್ತಾಗುವುದು ಆ ಕಾಗದದಿಂದಲೇ. ಆದ್ದರಿಂದ ನಾಲ್ವರೂ ಕಾಲ್ನಡಿಗೆಯ ಪ್ರಯಾಣಿಕರಾಗಿ, ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲಿಯೇ ಸ್ವಂತ ಟಿಕೆಟ್ ಕೊಳ್ಳಿ. ಸರ್ಕಾರಿ ಫೆರ್ರಿ ಸಂಸ್ಥೆಯಾದ ಎಎಸ್‌ಡಿಪಿಯ ‘ಫೆರಿಝಿ’ ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತದೆ. ಕೆತಾಪಾಂಗ್‌ನಿಂದ ಬಾಲಿಗೆ ದಾಟಲು ತಲೆಗೆ ಹತ್ತು ಹನ್ನೊಂದು ಸಾವಿರ ರುಪಿಯಾ, ನಮ್ಮ ಐವತ್ತು ಅರವತ್ತು ರೂಪಾಯಿ. ನಮ್ಮ ಕಾರ್ಡು ಅದರಲ್ಲಿ ನಡೆಯದೆ ಹೋದರೆ ತಂಗಿದ ಹೋಟೆಲಿನವರಿಗೆ ನಗದು ಕೊಟ್ಟು ಮಾಡಿಸಿಕೊಳ್ಳಿ, ಬಂದರಿನ ಬಾಗಿಲಿಗೆ ಬರುವ ಮೊದಲೇ ಮಾಡಿಸಿಕೊಳ್ಳಿ.

ಮೂರನೆಯದು ರಾತ್ರಿ. ನನ್ನನ್ನು ಕೇಳಿದರೆ ಈ ಇಡೀ ಪ್ರವಾಸದಲ್ಲಿ ಸಮುದ್ರಕ್ಕಿಂತ ರಸ್ತೆಗೆ ಹೆಚ್ಚು ಹೆದರಬೇಕು. ಯೋಗ್ಯಕರ್ತಾದಿಂದ ಬಾಲಿಯ ರಾಜಧಾನಿ ಡೆನ್ಪಸಾರ್‌ವರೆಗೆ ಬಸ್ಸಿನಲ್ಲಿ ಹದಿನಾರು ಹದಿನೆಂಟು ಗಂಟೆ ಹಿಡಿಯುತ್ತದೆ. ದೊಡ್ಡ ಬಸ್ಸಿನಲ್ಲಾದರೆ ಸಾಮಾನ್ಯವಾಗಿ ಇಬ್ಬರು ಚಾಲಕರಿರುತ್ತಾರೆ. ಅಲ್ಲಿನವರು ‘ಟ್ರಾವೆಲ್’ ಎಂದು ಕರೆಯುವ, ಮನೆಬಾಗಿಲಿನಿಂದ ಮನೆಬಾಗಿಲಿಗೆ ಓಡಿಸುವ ಹಾಯೇಸ್ ಅಥವಾ ಎಲ್ಫ್ ವ್ಯಾನುಗಳಲ್ಲಿ ಹೆಚ್ಚಾಗಿ ಒಬ್ಬನೇ. ಗಿಲಿಮಾನುಕ್‌ನಿಂದ ಡೆನ್ಪಸಾರ್‌ಗೆ ಹೋಗುವ ಸುಮಾರು 128 ಕಿಲೋಮೀಟರಿನ ರಸ್ತೆ ಕಿರಿದು, ಅಂಕುಡೊಂಕು, ಜಾವಾದಿಂದ ಬಾಲಿಗೆ ಬರುವ ಸರಕು ಲಾರಿಗಳೆಲ್ಲ ಅದರಲ್ಲೇ. ಶಿರಾಡಿ ಘಾಟಿಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ನಿದ್ದೆಗಣ್ಣಿನ ಚಾಲಕನ ಪಕ್ಕ ಕೂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಹಾಗಾದರೆ ಹೇಗೆ ಹೋಗಬೇಕು? ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಟಿಕೆಟ್ ಕೊಂಡು, ಜಲಸಂಧಿಗಳನ್ನು ಬೆಳಗಿನ ಹೊತ್ತು ದಾಟಿ. ಜಾವಾದಲ್ಲಿ ನಿಮಗೆ ವ್ಯಾನೇ ಬೇಡ, ರೈಲು ಚೆನ್ನಾಗಿದೆ. ಯೋಗ್ಯಕರ್ತಾದ ಲೆಂಪುಯಾಂಗನ್ ನಿಲ್ದಾಣದಿಂದ ‘ಶ್ರೀ ತಂಜುಂಗ್’ ಎಂಬ ರೈಲು ಪ್ರೊಬೊಲಿಂಗೊ ಮೂಲಕ ಜಾವಾದ ಪೂರ್ವದ ತುದಿಗೆ ಹೋಗುತ್ತದೆ. ಸೀಟು ನೆಟ್ಟಗಿನದು, ಮೈ ನೋಯುತ್ತದೆ, ಆದರೂ ವಾಂತಿಯಾಗುವವರಿಗೆ ಘಾಟಿ ಬಸ್ಸಿಗಿಂತ ಎಷ್ಟೋ ಮೇಲು. ತಾಯಿಯವರಿಗಾಗಿ ಸುರಬಾಯಾದಲ್ಲಿ ಒಂದು ರಾತ್ರಿ ತಂಗಿ, ಮೇಲಿನ ದರ್ಜೆಯ ರೈಲುಗಳಲ್ಲಿ ಎರಡು ಕಂತಿನಲ್ಲಿ ಹೋಗುವುದು ಇನ್ನೂ ಒಳ್ಳೆಯದು. ಪ್ರೊಬೊಲಿಂಗೊದಲ್ಲಿ ಇಳಿದರೆ ಬ್ರೊಮೊದ ಅಂಚಿನ ಚೆಮೊರೊ ಲಾವಾಂಗ್ ಹಳ್ಳಿಗೆ ಬಾಡಿಗೆ ವಾಹನ ಸಿಗುತ್ತದೆ. ಹಂಚಿಕೆಯ ವ್ಯಾನುಗಳೂ ಇವೆ, ಆದರೆ ಹದಿನೈದು ಜನ ತುಂಬುವವರೆಗೆ ಹೊರಡುವುದಿಲ್ಲ.

ಪ್ರೊಬೊಲಿಂಗೊ ಎಂದಾಗ ಒಂದು ಎಚ್ಚರಿಕೆ. ಈ ಊರಿನಲ್ಲಿ ಬಹುಕಾಲದಿಂದ ಒಂದು ಆಟ ನಡೆಯುತ್ತಿದೆ. ಬಸ್ಸಿನವನು ನಿಮ್ಮನ್ನು ನಿಜವಾದ ನಿಲ್ದಾಣಕ್ಕೆ ಮುಂಚೆಯೇ ಯಾವುದೋ ಕಚೇರಿಯೆದುರು ಇಳಿಸುತ್ತಾನೆ, ಒಳಗಿರುವವನು ಇದೇ ನಿಲ್ದಾಣ, ಇವತ್ತಿನ ಕೊನೆಯ ವಾಹನ ಇದೊಂದೇ ಎಂದು ಮೂರು ಪಟ್ಟು ದುಡ್ಡು ಕೇಳುತ್ತಾನೆ. ಮೊದಲ ಸಲ ಹೋದಾಗ ನಾನೂ ಸಿಕ್ಕಿಬಿದ್ದವನೇ. ಸಮವಸ್ತ್ರದಂಥ ಅಂಗಿ ತೊಟ್ಟವನನ್ನು ನಂಬಿ ಬಾಲಿಯವರೆಗಿನ ‘ಒಟ್ಟು ಟಿಕೆಟ್’ ಕೊಂಡೆ. ಮರುದಿನ ಬಂದರಿನಲ್ಲಿ ಆ ರಸೀದಿ ನೋಡಿದವರು ನಕ್ಕು, ಚಹಾ ಕುಡಿಸಿ, ಬೇರೆ ಟಿಕೆಟ್ ಕೊಳ್ಳಲು ಹೇಳಿದರು. ರೈಲಿನಲ್ಲಿ ಬಂದವರಿಗೆ ಈ ಉಪದ್ರವ ಬಹುಮಟ್ಟಿಗೆ ತಪ್ಪುತ್ತದೆ.

ಬ್ರೊಮೊ ಮುಗಿಸಿ ಮತ್ತೆ ರೈಲಿನಲ್ಲಿ ಜಾವಾದ ಪೂರ್ವದ ತುದಿಯ ಬಾನ್ಯುವಾಂಗಿಯ ಕಡೆಗೆ ಬನ್ನಿ. ಕೊನೆಯ ನಿಲ್ದಾಣದ ಹೆಸರು ಕೆತಾಪಾಂಗ್. 2019ಕ್ಕಿಂತ ಮೊದಲು ಅದು ‘ಬಾನ್ಯುವಾಂಗಿ ಬಾರು’ ಆಗಿತ್ತು, ಹಳೆಯ ಬರಹಗಳಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ. ಅಂದು ಅಲ್ಲೇ ತಂಗಿ, ಬೆಳಿಗ್ಗೆ ಏಳೆಂಟು ಗಂಟೆಗೆ ಬಂದರಿಗೆ ಹೋಗಿ. ನಿಲ್ದಾಣದಿಂದ ಕೆಲವು ನೂರು ಮೀಟರು ಅಷ್ಟೇ, ಚಕ್ರದ ಪೆಟ್ಟಿಗೆ ಎಳೆದುಕೊಂಡೇ ಹೋಗಬಹುದು. ಹಡಗು ಹತ್ತುವಾಗ ಮಗನ ಕೈ ಬಿಡಬೇಡಿ, ಏಕೆಂದರೆ ಆ ಕಬ್ಬಿಣದ ಇಳಿಜಾರಿನ ಮೇಲೆ ನೀವೂ ಲಾರಿಗಳೂ ಒಟ್ಟಿಗೇ ಹೋಗುತ್ತೀರಿ, ಲಾರಿ ಹತ್ತಿದಾಗ ಆ ತಗಡು ಗಡಗಡನೆ ಎದ್ದು ಬೀಳುತ್ತದೆ. ನೇರವಾಗಿ ಮೇಲಿನ ಮಹಡಿಗೆ ಹೋಗಿ, ಬಾಗಿಲಿಗೆ ಹತ್ತಿರದ, ಹೊರಗಿನ ಕಟಾಂಜನ ಕಾಣುವ ಜಾಗ ಹಿಡಿಯಿರಿ. ಜೀವರಕ್ಷಕ ಅಂಗಿಗಳು ಎಲ್ಲಿವೆ, ಆ ಪೆಟ್ಟಿಗೆಗೆ ಬೀಗ ಹಾಕಿದ್ದಾರೆಯೇ, ಮಕ್ಕಳ ಅಳತೆಯದು ಇದೆಯೇ ಎಂದು ಕೂರುವ ಮೊದಲು ನೋಡಿಕೊಳ್ಳಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ನಾನು ಇನ್ನೂ ಒಂದು ನೋಡುತ್ತೇನೆ. ಹಡಗು ದಡ ಬಿಟ್ಟ ಮೇಲೆ ವಾಹನದ ಬಾಗಿಲನ್ನು ಪೂರ್ತಿ ಎತ್ತಿ ಮುಚ್ಚಿದರೇ, ಇಲ್ಲ ಅರ್ಧಕ್ಕೇ ಬಿಟ್ಟರೇ ಎಂಬುದನ್ನು. ಹತ್ತುವ ಮೊದಲೇ ಹಡಗು ದಡದಲ್ಲಿ ಒಂದು ಕಡೆಗೆ ವಾಲಿ ನಿಂತಿರುವುದು ಕಂಡರೆ ಆ ಹಡಗನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ. ಅಲ್ಲಿ ಒಂದಾದ ಮೇಲೊಂದು ಹಡಗು ಹೊರಡುತ್ತಲೇ ಇರುವುದರಿಂದ ಕಾಯುವುದರಲ್ಲಿ ನಷ್ಟವಿಲ್ಲ.

ದಾಟಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹಡಗು ಹೊರಡುವ ಮುನ್ನ ಮೇಲಿನ ಕಂಬಿಯಿಂದ ನೀರಿಗೆ ಜಿಗಿದು, ಪ್ರಯಾಣಿಕರು ಎಸೆದ ನಾಣ್ಯವನ್ನು ಮುಳುಗಿ ಹಿಡಿಯುವ ಹುಡುಗರು ಕೆತಾಪಾಂಗ್‌ನಲ್ಲಿ ಕಾಣಬಹುದು. ನಿಮ್ಮ ಮಗ ಮನೆಗೆ ಬಂದ ಮೇಲೆ ಬೊರೊಬುದುರ್‌ಗಿಂತ ಅವರ ವಿಷಯವನ್ನೇ ಹೆಚ್ಚು ಹೇಳುತ್ತಾನೆ ಎಂದು ನನ್ನ ಅಂದಾಜು. ಬಾಲಿಯ ಗಡಿಯಾರ ಜಾವಾಕ್ಕಿಂತ ಒಂದು ಗಂಟೆ ಮುಂದಿರುವುದನ್ನು ಮರೆಯಬೇಡಿ: ಎಂಟಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಹತ್ತು. ಗಿಲಿಮಾನುಕ್‌ನಲ್ಲಿ ಗುರುತಿನ ಪತ್ರ ನೋಡುತ್ತಾರೆ, ಪಾಸ್‌ಪೋರ್ಟುಗಳು ಕೈಚೀಲದಲ್ಲಿರಲಿ. ವಿದೇಶಿಯರು ಬಾಲಿಗೆ ಕೊಡಬೇಕಾದ ಒಂದೂವರೆ ಲಕ್ಷ ರುಪಿಯಾದ ಶುಲ್ಕವನ್ನು ಮೊದಲೇ ಆನ್‌ಲೈನಿನಲ್ಲಿ ಕಟ್ಟಿಡಿ. ಅಲ್ಲಿಂದ ನೇರ ಡೆನ್ಪಸಾರ್‌ಗೆ ಓಡುವ ಬದಲು ಹೋಟೆಲಿನವರಿಂದ ಕಾರು ಕರೆಸಿಕೊಂಡು ಉತ್ತರ ಕರಾವಳಿಯ ಪೆಮುತೆರಾನ್ ಅಥವಾ ಲೊವಿನಾದಲ್ಲಿ ತಂಗಿದರೆ, ನಾನು ಹೇಳಿದ ಲಾರಿಗಳ ರಸ್ತೆಯೇ ತಪ್ಪುತ್ತದೆ.

ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿ ಬೇರೆಯದೇ ಸಮುದ್ರ. ಶಾಂತಸಾಗರದ ನೀರು ಇಂಡೊನೇಷ್ಯಾದ ದ್ವೀಪಗಳ ಸಂದುಗಳಲ್ಲಿ ನುಗ್ಗಿ ಹಿಂದೂ ಮಹಾಸಾಗರಕ್ಕೆ ಇಳಿಯುವ ಮುಖ್ಯ ದ್ವಾರಗಳಲ್ಲಿ ಇದೂ ಒಂದು. ಜಲಸಂಧಿ ಎಷ್ಟು ಆಳವೆಂದರೆ, ಹಿಮಯುಗದಲ್ಲಿ ಸಮುದ್ರ ಇಳಿದು ಬಾಲಿ ಜಾವಾಕ್ಕೆ ಅಂಟಿಕೊಂಡಿದ್ದಾಗಲೂ ಲೊಂಬೊಕ್ ಬೇರೆಯೇ ಉಳಿದಿತ್ತು. 1856ರಲ್ಲಿ ಈ ನೀರು ದಾಟಿದ ಪ್ರಕೃತಿವಿಜ್ಞಾನಿ ಆಲ್‌ಫ್ರೆಡ್ ರಸಲ್ ವಾಲೇಸ್ ಎರಡು ದಡದ ಹಕ್ಕಿಗಳೇ ಬೇರೆಯಾಗಿರುವುದನ್ನು ಗಮನಿಸಿದ್ದರಿಂದ ಈ ಗಡಿಗೆ ವಾಲೇಸ್ ಗೆರೆ ಎಂಬ ಹೆಸರು ಬಂತು. ನಿಮಗೆ ಬೇಕಾದ ಸಂಗತಿ ಇಷ್ಟು. ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಈ ಪ್ರವಾಹಕ್ಕೆ ದಕ್ಷಿಣದಿಂದ ಬರುವ ಸಾಗರದ ಅಲೆ ಎದುರಾದಾಗ, ಗಾಳಿ ಜೋರಿಲ್ಲದಿದ್ದರೂ ನೀರು ಕಡಿದಾಗಿ ಏಳುತ್ತದೆ. ಪದಾಂಗ್‌ಬಾಯ್ ಎಂಬ ಬಾಲಿಯ ಬಂದರು ಕೊಲ್ಲಿಯೊಳಗಿದೆ, ಅಲ್ಲಿ ನೀರು ಕೆರೆಯಂತೆ ಕಾಣುತ್ತದೆ. ಅದನ್ನು ನೋಡಿ ಹೊರಗಿನ ಸಮುದ್ರವನ್ನು ಅಳೆಯಬಾರದು.

ಇಲ್ಲಿ ಮೂರು ಆಯ್ಕೆಗಳಿವೆ. ಸ್ಪೀಡ್ ಬೋಟ್ ಹೊಸದು, ಬೇಗ ತಲುಪಿಸುತ್ತದೆ, ಹಾಗಾಗಿ ಸುರಕ್ಷಿತ ಎಂಬುದು ನೀವು ಕೇಳಿದ ಮಾತು. ಒಂದೂವರೆ ಎರಡು ಗಂಟೆಯಲ್ಲಿ ಲೊಂಬೊಕ್ ಪಕ್ಕದ ಗಿಲಿ ದ್ವೀಪಗಳಿಗೋ ಲೊಂಬೊಕ್‌ನ ಬಾಂಗ್ಸಾಲ್ ಬಂದರಿಗೋ ಮುಟ್ಟಿಸುವುದು ನಿಜ. ಆದರೆ ಅದು ಸಾಲಾಗಿ ಪೆಟ್ರೋಲ್ ಎಂಜಿನ್ ಕಟ್ಟಿದ ಹಗುರ ಫೈಬರ್ ದೋಣಿ. ಅಲೆಯ ನೆತ್ತಿಯಿಂದ ನೆತ್ತಿಗೆ ಹಾರಿ ಬೀಳುತ್ತದೆ, ಪ್ರತಿ ಸಲ ಬಿದ್ದಾಗಲೂ ಆ ಪೆಟ್ಟು ಬೆನ್ನುಮೂಳೆಗೆ ತಾಗುತ್ತದೆ, ಮುಂಭಾಗದಲ್ಲಿ ಕೂತವರಿಗಂತೂ ಇನ್ನೂ ಹೆಚ್ಚು. ಮುಚ್ಚಿದ ಕೋಣೆಯಿಂದ ಹೊರಬರುವ ದಾರಿ ಹೆಚ್ಚಿನವುಗಳಲ್ಲಿ ಒಂದೇ. 2016ರ ಸೆಪ್ಟೆಂಬರ್‌ನಲ್ಲಿ ಪದಾಂಗ್‌ಬಾಯ್ ಬಿಟ್ಟ ಇಂಥ ದೋಣಿಯೊಂದರಲ್ಲಿ ಸ್ಫೋಟವಾಗಿ ಪ್ರವಾಸಿಗರು ಸತ್ತದ್ದು ಸುದ್ದಿಯಾಗಿತ್ತು. ಅರವತ್ತೆಂಟರ ಹಿರಿಯರನ್ನು ನಾನು ಅದರಲ್ಲಿ ಕೂರಿಸುವುದಿಲ್ಲ. ಎರಡನೆಯದು ಪದಾಂಗ್‌ಬಾಯ್‌ನಿಂದ ಲೊಂಬೊಕ್‌ನ ಲೆಂಬಾರ್‌ಗೆ ಹೋಗುವ ದೊಡ್ಡ ಫೆರ್ರಿ. ನಾಲ್ಕರಿಂದ ಐದು ಗಂಟೆ, ನಿಧಾನ, ಅದರೊಳಗಿನ ಅಪಾಯದ ಸ್ವರೂಪ ನಾನು ಮೇಲೆ ವಿವರಿಸಿದ್ದೇ. ಇದರಲ್ಲಿ ಮೇಲಿನ ಮಹಡಿಯ ಗಾಳಿಯಲ್ಲಿ ಕೂರಬಹುದು, ಓಡಾಡಬಹುದು, ಶೌಚಾಲಯವಿದೆ, ಸ್ವಲ್ಪ ಹಣ ಕೊಟ್ಟರೆ ಹಾಸಿಗೆಯೂ ಸಿಗುತ್ತದೆ. ಇದರ ನಿಜವಾದ ಕಾಟ ಲೆಂಬಾರ್‌ನ ಹೊರಗೆ ಹಡಗು ನಿಲ್ಲುವ ಕಟ್ಟೆ ಖಾಲಿಯಾಗಲೆಂದು ಕಾಯುವುದು. ಒಮ್ಮೆ ದಡ ಕಣ್ಣೆದುರೇ ಇದ್ದರೂ ಎರಡು ಗಂಟೆ ತೇಲಿಕೊಂಡೇ ಇದ್ದೆವು. ಮುಂಗಡ ಕೊಟ್ಟಿದ್ದ ವ್ಯಾನಿನವನು ಅಷ್ಟರಲ್ಲಿ ಬೇರೆ ಬಾಡಿಗೆ ಹಿಡಿದು ಹೋಗಿದ್ದ. ಮೂರನೆಯದು ಡೆನ್ಪಸಾರ್‌ನಿಂದ ಲೊಂಬೊಕ್‌ಗೆ ವಿಮಾನ, ಆಕಾಶದಲ್ಲಿರುವುದು ಅರ್ಧ ಗಂಟೆಗೆ ತುಸು ಹೆಚ್ಚು. ನಿಮ್ಮ ಜಾಗದಲ್ಲಿ ನಾನಿದ್ದರೆ ಹೋಗುವಾಗ ಬೆಳಗಿನ ದೊಡ್ಡ ಫೆರ್ರಿ, ಬರುವಾಗ ವಿಮಾನ. ಹಿಂದಿನ ದಿನ ತಾಯಿಯವರಿಗೆ ಮೈ ಸರಿಯಿಲ್ಲವೆನಿಸಿದರೆ ಹೋಗುವಾಗಲೂ ವಿಮಾನವೇ.

ಕಾಲದ ದೃಷ್ಟಿಯಿಂದ ನೀವು ಅದೃಷ್ಟವಂತರು. ಜುಲೈ ಆಗಸ್ಟ್‌ನಲ್ಲಿ ಆಗ್ನೇಯದ ಗಾಳಿ ಜೋರು, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಪಶ್ಚಿಮದ ಮಳೆಗಾಳಿ. ಅಕ್ಟೋಬರ್ ಇವೆರಡರ ನಡುವಿನ ತಿಂಗಳು, ಸಮುದ್ರ ಸಾಮಾನ್ಯವಾಗಿ ತಣ್ಣಗಿರುತ್ತದೆ. ಹಾಗೆಂದು ನಂಬಿ ಕೂರಬೇಡಿ. ಅಲ್ಲಿನ ಹವಾಮಾನ ಸಂಸ್ಥೆ ಬಿಎಂಕೆಜಿ ಪ್ರತಿ ಜಲಸಂಧಿಯ ಅಲೆಯ ಎತ್ತರವನ್ನು ಮುಂಚಿತವಾಗಿ ಪ್ರಕಟಿಸುತ್ತದೆ, ಹಿಂದಿನ ಸಂಜೆ ನೋಡಿ. ಎರಡು ಮೀಟರಿಗಿಂತ ಹೆಚ್ಚು ಇದ್ದರೆ ಒಂದು ದಿನ ಮುಂದೂಡಿ. ಬಂದರಿನ ಅಧಿಕಾರಿ ಸಂಚಾರ ನಿಲ್ಲಿಸಿದ್ದರೆ ‘ನಮ್ಮ ದೋಣಿ ಹೋಗುತ್ತದೆ’ ಎನ್ನುವವನ ಹತ್ತಿರ ನಿಲ್ಲಲೂ ಬೇಡಿ. ಮುಂದೆ ಯಾರಾದರೂ ಯುಗಾದಿಯ ರಜೆಯಲ್ಲಿ ಈ ದಾರಿ ಹಿಡಿಯುವುದಾದರೆ ಅವರಿಗೊಂದು ಮಾತು: ಬಾಲಿಯ ಶಕ ವರ್ಷದ ಹೊಸ ವರ್ಷ ‘ನ್ಯೇಪಿ’ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ, ಅಂದು ಇಡೀ ದ್ವೀಪ ಮೌನವಾಗಿರುತ್ತದೆ, ಬಂದರುಗಳೂ ವಿಮಾನ ನಿಲ್ದಾಣವೂ ಮುಚ್ಚಿರುತ್ತವೆ. 2025ರಲ್ಲಿ ಅದು ಮಾರ್ಚ್ 29ಕ್ಕೆ ಬಂದು, ಅದರ ಬೆನ್ನಿಗೇ ರಂಜಾನ್ ಹಬ್ಬಕ್ಕೆ ಊರಿಗೆ ಹೋಗುವವರ ನೂಕುನುಗ್ಗಲೂ ಇತ್ತು.

ವಾಂತಿಯ ವಿಷಯದಲ್ಲಿ ಹಡಗಿನವರ ಹಳೆಯ ಉಪಾಯವೇ ಉಪಾಯ. ಹಡಗಿನ ಉದ್ದದ ನಡುಭಾಗದಲ್ಲಿ, ದಿಗಂತ ಕಾಣುವಂತೆ, ಗಾಳಿಯಲ್ಲಿ ಕೂರಬೇಕು. ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಿಯೂ ಇರಬಾರದು, ಫೋನಿನ ಪರದೆ ನೋಡಬಾರದು. ಮಾತ್ರೆಯನ್ನು ಹತ್ತುವ ಅರ್ಧ ಮುಕ್ಕಾಲು ಗಂಟೆ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ರಕ್ತದೊತ್ತಡದ ಔಷಧಿಯೊಂದಿಗೆ ಯಾವ ಮಾತ್ರೆ ಹೊಂದುತ್ತದೆಂದು ತಾಯಿಯವರ ವೈದ್ಯರನ್ನೇ ಕೇಳಿ. ಈ ಮಾತ್ರೆಗಳಿಂದ ತೂಕಡಿಕೆ ಬರುವುದರಿಂದ ಮೆಟ್ಟಿಲು ಇಳಿಯುವಾಗ ಒಬ್ಬರು ಜೊತೆಗಿರಲಿ. ಊಟಕ್ಕೆ ಟೆಂಪೆ, ತೋಫು, ಅನ್ನ ಎಲ್ಲೆಡೆ ಸಿಗುತ್ತದೆ, ಆದರೆ ತರಕಾರಿಗೆ ಹಾಕುವ ಚಟ್ನಿಯಲ್ಲಿ ‘ತೆರಾಸಿ’ ಎಂಬ, ಹುದುಗಿಸಿದ ಸೀಗಡಿಯ ಮುದ್ದೆ ಸೇರಿಸುತ್ತಾರೆ, ಹಪ್ಪಳದಲ್ಲೂ ಸೀಗಡಿ ಇರುವುದುಂಟು. ‘ತನ್ಪಾ ತೆರಾಸಿ, ತನ್ಪಾ ತೆಲುರ್’, ಅಂದರೆ ಅದೂ ಬೇಡ, ಮೊಟ್ಟೆಯೂ ಬೇಡ ಎಂದು ಬಾಯಿಪಾಠ ಮಾಡಿಸಿ. ಹಡಗಿನಲ್ಲಿ ಸಿಗುವ ಬಟ್ಟಲಿನ ನೂಡಲ್ಸಿನ ಪುಡಿ ಸಾಮಾನ್ಯವಾಗಿ ಕೋಳಿಯದ್ದು. ಅವಲಕ್ಕಿ, ಚಟ್ನಿಪುಡಿ, ನಿಪ್ಪಟ್ಟು ಜೊತೆಗಿದ್ದರೆ ಫೆರ್ರಿಯ ದಿನಗಳು ಕಳೆಯುತ್ತವೆ.

ಲೊಂಬೊಕ್‌ನಿಂದಾಚೆ ಸುಂಬಾವಾ ದಾಟಿ ಫ್ಲೋರೆಸ್‌ವರೆಗೂ ಇದೇ ರೀತಿ ಹೋಗಬಹುದೆಂದು ಅಲ್ಲಿ ಯಾರಾದರೂ ಹುರಿದುಂಬಿಸಬಹುದು. ಲೊಂಬೊಕ್‌ನ ಕಯಾಂಗನ್‌ನಿಂದ ಸುಂಬಾವಾದ ಪೊತೊ ತಾನೊಗೆ ಒಂದೂವರೆ ಎರಡು ಗಂಟೆಯ ಫೆರ್ರಿಯೇನೋ ಸುಲಭ. ಆಮೇಲೆ ಸುಂಬಾವಾದ ಉದ್ದಕ್ಕೂ ಬಸ್ಸು, ಅದರ ಪೂರ್ವದ ತುದಿಯ ಸಾಪೆಯಿಂದ ಫ್ಲೋರೆಸ್‌ನ ಲಾಬುವಾನ್ ಬಾಜೊಗೆ ಆರೇಳು ಗಂಟೆಯ ಸಮುದ್ರ, ಅದೂ ಹವೆ ಕೆಟ್ಟರೆ ದಿನಗಟ್ಟಲೆ ಬಂದ್. ಅದು ಬೆನ್ನುಚೀಲದ ಹುಡುಗರ ದಾರಿ, ಈ ಸಲ ನಿಮಗಲ್ಲ.

ನಿಮ್ಮ ಭಾವಮೈದುನನ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬರೀ ಲೆಕ್ಕ ಹಾಕಿದರೆ ಅವನು ಹೇಳುವುದೇ ಸರಿ, ಈ ಎಲ್ಲದಕ್ಕಿಂತ ವಿಮಾನ ಸುರಕ್ಷಿತ. ನಾನು ಹೇಳಿದ ರೀತಿಯಲ್ಲಿ ಹೋದರೆ ಉಳಿಯುವ ಅಪಾಯ ನಾವು ಮಂಗಳೂರಿಗೋ ಧರ್ಮ­ಸ್ಥಳಕ್ಕೋ ರಸ್ತೆಯಲ್ಲಿ ಹೋಗುವಾಗ ಲೆಕ್ಕಕ್ಕೇ ತೆಗೆದುಕೊಳ್ಳದ ಅಪಾಯದಂಥದ್ದು ಎಂಬುದು ನನ್ನ ಅಭಿಪ್ರಾಯ, ಅವನು ಅದನ್ನು ಒಪ್ಪದಿದ್ದರೆ ಅದೂ ಅವನ ಹಕ್ಕು. ಒಂದು ಷರತ್ತು ಮಾತ್ರ ಅವನ ಪರವಾಗಿ ನಾನೇ ಹಾಕುತ್ತೇನೆ. ಬೆಂಗಳೂರಿನ ವಿಮಾನಕ್ಕೆ ಎರಡು ದಿನ ಮೊದಲೇ ಬಾಲಿಗೆ ಮರಳಿರಬೇಕು. ಕಟ್ಟೆಗಾಗಿ ಕಾಯುವ ಫೆರ್ರಿ, ತುಂಬುವವರೆಗೆ ಹೊರಡದ ವ್ಯಾನು, ಅಲೆಯೆದ್ದು ಮುಚ್ಚಿದ ಬಂದರು, ಇವುಗಳಲ್ಲಿ ಒಂದಾದರೂ ನಿಮಗೆ ಎದುರಾಗಿಯೇ ಆಗುತ್ತದೆ. ಕೈಯಲ್ಲಿ ದಿನವಿಲ್ಲದವರೇ ಸಂಜೆ ಕವಿದ ಮೇಲೆ ಬಂದರಿಗೆ ಓಡಿಬಂದು, ಹೊರಡಲು ಸಿದ್ಧವಾಗಿರುವ ಯಾವುದೋ ಹಡಗಿಗೆ ಹತ್ತಿಬಿಡುತ್ತಾರೆ.